ಒಳಗೆ ಬರುವ ಕೈಗಳು

ನೀರು ಇವತ್ತು ಎಷ್ಟು ತಣ್ಣಗಿದೆ, ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಚಳಿ ಕುಡಿದು ಬಂದ ನೀರು, ಬೆರಳಸಂದಿಗಳಲ್ಲಿ ಚುಚ್ಚುತ್ತ ಮಣಿಕಟ್ಟಿನ ಎಲುಬಿನವರೆಗೆ ಇಳಿಯುತ್ತಿದೆ, ಬಳೆ ತೆಗೆದಿಟ್ಟ ಕಡೆ ಚರ್ಮ ಒಂದು ಸುತ್ತು ತಿಳಿಯಾಗಿದೆ, ದಿನಾ ತೆಗೆದು ದಿನಾ ಹಾಕಿ ಆ ಗೆರೆ ಪೂರ್ತಿ ಮಾಸುವುದೂ ಇಲ್ಲ, ಪೂರ್ತಿ ಉಳಿಯುವುದೂ ಇಲ್ಲ — ಗುಲ್ಶನ ನಲ್ಲಿಯ ಉದ್ದನೆಯ ಹಿಡಿಕೆಯನ್ನು ಮೊಣಕೈಯಿಂದ ಇನ್ನಷ್ಟು ಸರಿಸಿದಳು, ಸಾಬೂನು ನೊರೆಯಾಯಿತು, ಅಂಗೈ, ಅಂಗೈಯ ಹಿಂಬದಿ, ಹೆಬ್ಬೆರಳ ಬುಡ, ಉಗುರಿನ ತುದಿ, ಕೈಗಳು ತಾವೇ ದಾರಿ ಹಿಡಿದು ಹೊರಟಿವೆ, ಅವುಗಳಿಗೆ ಮನಸ್ಸು ಬೇಕಾಗಿಲ್ಲ, ಮನಸ್ಸು ಬೆನ್ನ ಹಿಂದಿನ ಬಾಗಿಲಿಗೆ ಕಿವಿ ಕೊಟ್ಟು ನಿಂತಿದೆ. ವರಾಂಡದಲ್ಲಿ ಯಾರೋ ಕೆಮ್ಮಿದರು. ಯಾರೋ ಅಲ್ಲ, ಮರ್ದಾನಸಾಬರು, ಮಗಳ ಮಾವ, ಗಂಗಾವತಿಯಿಂದ ಮೊದಲನೇ ಬಸ್ಸಿಗೆ ಬಂದಿದ್ದಾರೆ, ಈಗಷ್ಟೇ ಆಯಾ ಹನುಮಂತಮ್ಮ ತಲೆ ಹಾಕಿ ಹೇಳಿ ಹೋದಳು, ಮೇಡಂ, ನಿಮ್ಮ ಬೀಗರು ಬಂದಾರ್ರಿ, ಕೂಸಿನ ಕಿವ್ಯಾಗ ಬಾಂಗ್ ಹೇಳಬೇಕಂತ, ಗೌನ್ ತಗದು ಕೊಡ್ಲೇನ್ರಿ. ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳಬೇಕಾದ ನಮಾಜಿನ ಕರೆ ಅದು, ಕೊಡು ಅಂತಲೂ ಬೇಡ ಅಂತಲೂ ಗುಲ್ಶನ ಹೇಳಲಿಲ್ಲ, ಕೈ ತೊಳಕೊಂಡು ಬರ್ತೀನಿ ಅಂದಳು. ಹನುಮಂತಮ್ಮ ನಕ್ಕಳು, ಮೇಡಂ ಯಾವತ್ತೂ ಹೇಳುವ ಮಾತೇ ಅದು, ಡಾಕ್ಟರು ಕರೆದರೂ, ಡಿಸಿ ಸಾಹೇಬರು ಬಂದರೂ, ಕೈ ತೊಳಕೊಂಡು ಬರ್ತೀನಿ. ಇವತ್ತು ಮಾತ್ರ ಆ ಮಾತಿನ ಹಿಂದೆ ಅವಳು ಸ್ವಲ್ಪ ಹೊತ್ತು ಅಡಗಿ ನಿಂತಿದ್ದಾಳೆ, ಅದು ಅವಳಿಗೂ ಗೊತ್ತು. ಮತ್ತೆ ಕೆಮ್ಮು. ಒಣ ಕೆಮ್ಮಲ್ಲ, ಎದೆಯ ಒಳಗಿನಿಂದ ಎಳೆದುಕೊಂಡು ಬರುವ ಕೆಮ್ಮು, ಮೊನ್ನೆಯವರೆಗೆ ಜ್ವರ ಮಲಗಿಸಿತ್ತಂತೆ, ಜ್ವರ ಬಿಟ್ಟ ಕೂಡಲೇ ಬಿಳಿ ಅಂಗಿ ಹಾಕಿಕೊಂಡು ಹೊರಟು ಬಂದಿದ್ದಾರೆ.

ಈ ಬೇಸಿನ್ನು ಮೊದಲು ಇಲ್ಲಿರಲಿಲ್ಲ, ಒಳಗಿನ ಸಾಮಾನು ಕೋಣೆಯ ಮೂಲೆಯಲ್ಲಿ ಬಕೆಟ್ಟುಗಳ ಹಿಂದೆ ಇತ್ತು, ಅಲ್ಲಿ ತೊಳೆದವರಾರು ತೊಳೆಯದವರಾರು ಯಾರಿಗೂ ಕಾಣುತ್ತಿರಲಿಲ್ಲ. ಕೊಪ್ಪಳದ ಆಸ್ಪತ್ರೆಯ ಎಳೆಕೂಸುಗಳ ಈ ಘಟಕಕ್ಕೆ ನರ್ಸ್ ಆಗಿದ್ದ ಅವಳನ್ನು ಇನ್‌ಚಾರ್ಜ್ ಮಾಡಿದ ದಿನ, ತಿಂಗಳು ತುಂಬದೆ ಹುಟ್ಟಿದವು, ತೂಕ ಸಾಲದವು, ಉಸಿರು ಹಿಡಿಯಲಾರದವು, ಎಲ್ಲ ಸಾಲಾಗಿ ಬೆಚ್ಚನೆಯ ದೀಪಗಳ ಕೆಳಗೆ ಮಲಗಿದ್ದನ್ನು ನೋಡುತ್ತ ನಿಂತಿದ್ದಳು, ಇವರಿಗೆಲ್ಲ ಈಗ ನಾನು ಯಜಮಾನಿಯೇನು ಅಂತ ಅನಿಸಿ ನಗೆ ಬಂದಿತ್ತು, ಹೆದರಿಕೆಯೂ. ಗದರುವುದು ಅವಳಿಗೆ ಬರುತ್ತಿರಲಿಲ್ಲ. ಗೋಡೆಯ ಮೇಲೆ ಬೋರ್ಡು ಇತ್ತು, ಕೈ ತೊಳೆಯಿರಿ ಅಂತ, ಕೆಂಪು ಅಕ್ಷರ, ಅದರ ಕೆಳಗೆ ಎಲ್ಲರೂ ಹಾಗೇ ದಾಟಿ ಹೋಗುತ್ತಿದ್ದರು. ಹಾಗಾದರೆ ಹೇಳುವುದು ಬೇಡ, ನಾನು ಮಾಡುತ್ತೇನೆ, ದಿನಾ, ಎಲ್ಲರಿಗೂ ಕಾಣುವ ಜಾಗದಲ್ಲಿ. ಪ್ಲಂಬರನ ಬೆನ್ನು ಹತ್ತಿ ಬೇಸಿನ್ನನ್ನು ಬಾಗಿಲ ಎದುರಿಗೇ ಹಾಕಿಸಿದಳು. ಬೆಳಿಗ್ಗೆ ಬಂದವಳು ಬಳೆ ಕಳಚಿ, ಗಡಿಯಾರ ಬಿಚ್ಚಿ, ತೋಳು ಮಡಚಿ, ಅವಸರವಿಲ್ಲದೆ ತೊಳೆಯುವಳು. ಮೊದಮೊದಲು ಹುಡುಗಿಯರು ನಗುತ್ತಿದ್ದರು, ಮೇಡಂ ವಜೂ ಮಾಡಾಕತ್ತಾರ, ನಮಾಜಿಗೆ ಹೊತ್ತಾತೇನೋ. ಹೌದವಾ, ಬರ್ರಿ ನೀವೂ, ನೀರು ಎಲ್ಲಾರಿಗೂ ಆಗುವಷ್ಟೈತಿ, ಅಂದಿದ್ದಳು. ನಗು ಎಷ್ಟು ದಿನ ನಡೆದೀತು. ಒಂದು ಬೆಳಿಗ್ಗೆ ಭವಾನಿ, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಬಂದು ಪಕ್ಕದಲ್ಲಿ ನಿಂತು ಬಳೆ ಬಿಚ್ಚಿದಳು, ಆಮೇಲೆ ಇನ್ನೊಬ್ಬಳು, ಆಮೇಲೆ ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಬರುವ ಜಾಕೀರ, ಕೊನೆಗೆ ಫೋನಿನಲ್ಲಿ ಮಾತಾಡುತ್ತಲೇ ಒಳಗೆ ನುಗ್ಗುವ ದೊಡ್ಡ ಡಾಕ್ಟರು, ಫೋನನ್ನು ಜೇಬಿಗೆ ಹಾಕಿ, ಯಾರ ಕಡೆಗೂ ನೋಡದೆ, ತೋಳು ಮೇಲೇರಿಸಿದರು. ಅವತ್ತು ಅವಳು ಮನೆಗೆ ಹೋಗಿ ಗಂಡ ಮುಜೀಬನ ಮುಂದೆ ಕೂತು ಹೇಳಿಕೊಂಡು ಅತ್ತಿದ್ದಳು, ಡಾಕ್ಟ್ರು ಕೈ ತೊಳಕೊಂಡ್ರು ಅಂತ ಯಾರರ ಅಳ್ತಾರೇನ, ಅಂದಿದ್ದ ಅವನು. ಹಚ್ಚಿಕೊಂಡ ರೂಢಿಗಳೆಲ್ಲ ಉಳಿದವೇನು, ಇಲ್ಲ. ಮುಂಜಾನೆ ಗವಿಮಠದ ರಸ್ತೆಯಲ್ಲಿ ನಡೆಯುತ್ತೇನೆ ಅಂತ ಹೊಸ ಬೂಟು ತಂದಿದ್ದಳು, ಆ ಬೂಟು ಈಗ ಮಂಚದ ಕೆಳಗೆ ಬೆಕ್ಕಿನ ಮರಿಗೆ ಮನೆ. ಸಿಟ್ಟು ಬಂದಾಗ ದನಿ ಏರಿಸಬಾರದು ಅಂದುಕೊಂಡದ್ದು ಎಷ್ಟೋ ಸಲ ಮಧ್ಯಾಹ್ನದ ಹೊತ್ತಿಗೆ ಮುರಿದು ಬಿದ್ದಿದೆ. ತಾಯಂದಿರನ್ನು ಬೆಡ್ಡಿನ ನಂಬರಿನಿಂದ ಕರೆಯದೆ ಹೆಸರು ಹಿಡಿದು ಕರೆಯುವುದು ಮಾತ್ರ ಉಳಿಯಿತು, ಕೈ ತೊಳೆಯುವುದು ಉಳಿಯಿತು, ಒಳಗೆ ಯಾರು ಬರಬೇಕು ಯಾರು ಬರಬಾರದು ಅನ್ನುವುದು ಉಳಿಯಿತು — ತಾಯಿ, ಬೇಕಾದರೆ ತಂದೆ, ಬೇರೆ ಯಾರೂ ಅಲ್ಲ, ನೆಗಡಿ ಕೆಮ್ಮು ಇದ್ದವರಂತೂ ಹೊಸ್ತಿಲನ್ನೂ ತುಳಿಯುವಂತಿಲ್ಲ.

ನೊರೆ ತೊಳೆದು ಹೋಯಿತು, ಇನ್ನೊಮ್ಮೆ ಸಾಬೂನು ಬೇಕಾಗಿರಲಿಲ್ಲ, ಆದರೂ ಒತ್ತಿಕೊಂಡಳು. ಅಬ್ಬಾ ನೆನಪಾಗುತ್ತಾರೆ ಯಾಕೋ, ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಹಣ್ಣಿನ ಬಂಡಿಯ ಹಿಂದೆ ನಿಂತ ಅಪ್ಪ ಇಬ್ರಾಹಿಂಸಾಬ, ಬೆಳಿಗ್ಗೆ ಬುಟ್ಟಿ ಬಿಚ್ಚಿ ದಾಳಿಂಬೆಯನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ, ಪೆಟ್ಟು ಬಿದ್ದದ್ದನ್ನು ಮನೆಯ ಚೀಲಕ್ಕೆ ಹಾಕಿ, ಒಳ್ಳೆಯದನ್ನು ತಳದಿಂದ ಜೋಡಿಸುತ್ತಿದ್ದರು, ಉಳಿದ ಬಂಡಿಯವರು ತಳಕ್ಕೆ ಏನು ಬೇಕಾದರೂ ತುಂಬಿ ಮೇಲೆ ಮಾತ್ರ ಹೊಳೆಯುವುದನ್ನು ಇಡುತ್ತಿದ್ದರು, ಆ ಬಂಡಿಗಳೇ ಬೇಗ ಖಾಲಿಯಾಗುತ್ತಿದ್ದವು. ಅಬ್ಬಾ, ತಳದಾಗಿಂದು ಯಾರಿಗೆ ಕಾಣತೈತ್ರಿ, ಅಂತ ಫ್ರಾಕಿನ ಹುಡುಗಿ ಕೇಳಿದ್ದಳು. ತಿನ್ನೂ ಹೊತ್ತಿಗೆ ಕಾಣತೈತಲ್ಲಬೇ, ಅಂದಿದ್ದರು, ಅಷ್ಟೇ, ಮತ್ತೆ ಹಣ್ಣು ತಿರುಗಿಸಿದರು. ಮನೆಯಲ್ಲಿ ತಾವೆಲ್ಲ ಪೆಟ್ಟು ಬಿದ್ದ ದಾಳಿಂಬೆಯನ್ನೇ ತಿಂದು ಬೆಳೆದದ್ದು, ಕರಿ ಕಲೆಯ ಕಡೆ ಕಿತ್ತು ಬಿಸಾಕಿ ಉಳಿದದ್ದು ಸಿಹಿ, ಈಗಲೂ ಅಂಗಡಿಯಲ್ಲಿ ಕಲೆ ಇರುವ ಹಣ್ಣು ಕಂಡರೆ ಅವಳ ಕೈ ಅದರ ಕಡೆಗೇ ಹೋಗುತ್ತದೆ.

ಬಾಗಿಲಾಚೆ ಶಂಕ್ರಮ್ಮನೂ ಕೂತಿರುತ್ತಾಳೆ ಈಗ, ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ, ಸೆರಗು ಕಿವಿಗೆ ಸುತ್ತಿಕೊಂಡು. ಯಲಬುರ್ಗಾ ಕಡೆಯ ಮುದುಕಿ, ಮೊಮ್ಮಗಳು ಕಿಟಕಿಯ ಎದುರಿನ ವಾರ್ಮರಿನಲ್ಲಿದ್ದಾಳೆ, ಬೆಕ್ಕಿನ ಮರಿಯಷ್ಟೇ ಇದ್ದವಳು ಈಗ ಸ್ವಲ್ಪ ಕೆನ್ನೆ ಹಿಡಿದಿದ್ದಾಳೆ. ಹೋದ ವಾರ ಊರ ದೇವರ ಭಂಡಾರವನ್ನು, ಪೂಜೆಯ ಅರಿಸಿನಪುಡಿಯನ್ನು, ಕಾಗದದಲ್ಲಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು, ಕೂಸಿನ ಹಣಿಗೆ ಒಂದೀಟು ಹಚ್ಚಿ ಬರ್ತೀನಿ, ಒಂದ ಚೂರು, ಉಗುರಿಗೆ ಹತ್ತುವಷ್ಟು. ಆಗಂಗಿಲ್ಲ ಅವ್ವಾ. ಯಾಕ ಆಗಂಗಿಲ್ಲ, ನಮ್ಮ ಕೂಸು, ನಮ್ಮ ದೇವರು, ನಡುವ ನೀ ಯಾರು. ಗುಲ್ಶನ ತೋಳು ಅಡ್ಡ ಹಿಡಿದಿರಲಿಲ್ಲ, ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು, ಅಷ್ಟಕ್ಕೇ ಬಾಗಿಲು ತುಂಬಿತ್ತು. ಇಲ್ಲಿ ಕಿಟಕಿ ಕಟ್ಟಿ ಮ್ಯಾಲ ಇಡ್ರಿ, ಅಲ್ಲಿಂದ ಕೂಸಿಗೆ ನೆಟ್ಟಗ ಕಾಣತೈತಿ, ಮನಿಗೆ ಹೋಗೋ ದಿನ ನೀವ ಕೈಯಾರೆ ಹಚ್ಚಿ ಕರಕೊಂಡು ಹೋಗ್ರಿ, ಅಂದಳು. ಶಂಕ್ರಮ್ಮ ಇಟ್ಟಳು, ಇಟ್ಟು ತಿರುಗಿ ನೋಡಿ ಅಂದಳು, ನಿನ್ನ ಮನ್ಯಾಗೂ ಹಿಂಗ ಒಂದ ಕೂಸು ಹುಟ್ಟಿ ಈ ಪೆಟಗ್ಯಾಗ ಮಲಗಲಿ, ಆವಾಗ ನೋಡ್ತೀನಿ ನಿನ್ನ ಕಾಯ್ದೆ. ಹನುಮಂತಮ್ಮ ಬೈಯಲು ಬಾಯಿ ತೆರೆದಳು, ಗುಲ್ಶನ ಕಣ್ಣಿನಲ್ಲೇ ತಡೆದಳು. ಆಮೇಲೆ ಮೊನ್ನೆ ಸಂಜೆ ಮಗಳು ಖುಷ್ಬುವಿಗೆ ಬಿಪಿ ಏರಿ, ಕಣ್ಣು ಮಂಜಾಗಿ, ಗಂಗಾವತಿಯಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೇ ಬಂದಳು, ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು, ಹೆಣ್ಣು ಕೂಸು, ಅತ್ತಿತು, ಸಣ್ಣಗೆ, ಬಾಗಿಲ ಕೀಲು ಕಿರ್ ಎಂದ ಹಾಗೆ. ಮಾತಿನಿಂದ ಆದದ್ದಲ್ಲ ಅದು, ಬಿಪಿಯಿಂದ ಆದದ್ದು, ಗುಲ್ಶನಳಿಗೆ ಗೊತ್ತಿದೆ, ತಿಂಗಳಿನಿಂದ ಆ ಹುಡುಗಿಯ ಕಾಲು ಬಾತಿದ್ದವು, ಉಪ್ಪು ಕಡಿಮಿ ತಿನ್ನಬೇ ಅಂತ ಫೋನಿನಲ್ಲಿ ದಿನಾ ಹೇಳುತ್ತಿದ್ದಳು. ಆದರೆ ಶಂಕ್ರಮ್ಮನಿಗೆ ಗೊತ್ತಿಲ್ಲವಲ್ಲ. ನಿನ್ನೆಯಿಂದ ಮುದುಕಿ ಎದುರಿಗೆ ಬರುತ್ತಿಲ್ಲ, ಗುಲ್ಶನ ವರಾಂಡಕ್ಕೆ ಬಂದರೆ ಎದ್ದು ನೀರಿನ ಕಡೆ ಹೋಗುತ್ತಾಳೆ, ನಿನ್ನೆ ಊಟದ ಹೊತ್ತಿಗೆ ಹತ್ತಿರ ಬಂದು, ಸಿಸ್ಟರವ್ವಾ, ನಾ ಅವತ್ತ ಅಂದದ್ದು, ಅಂತ ಶುರು ಮಾಡಿ ಮುಂದಕ್ಕೆ ಹೋಗಲಾರದೆ ತುಟಿ ಅದುಮಿದಳು. ನೀವು ಅಂದದ್ದು ನನಗ ನೆನಪ ಇಲ್ಲ ಬಿಡ್ರಿ, ಅಂತ ಗುಲ್ಶನ ಸುಳ್ಳು ಹೇಳಿದಳು. ಮುದುಕಿ ನಂಬಲಿಲ್ಲ.

ಅಂಗೈಯಲ್ಲಿ ನೀರು ಓಡುತ್ತಿದೆ. ಮೊಮ್ಮಗಳನ್ನು ಅವಳಿನ್ನೂ ಎತ್ತಿಕೊಂಡಿಲ್ಲ. ಮೊನ್ನೆ ಕೂಸು ಒಳಗೆ ಬಂದ ಕೂಡಲೇ ಎಲ್ಲರ ಮುಖ ಅವಳ ಕಡೆ ತಿರುಗಿತ್ತು, ಅವಳು ಭವಾನಿಯನ್ನು ಕರೆದು, ಇದು ನಿನ್ನ ಕೂಸು, ನಾ ಇದರ ನಾನಿ, ಇದರ ಸಿಸ್ಟರ್ ನೀನು, ಅಂದಳು. ನನಗ್ಯಾಕ್ರಿ ಮೇಡಂ, ನಿಮ್ಮ ಕೈ ಇದ್ದಾಗ. ನನ್ನ ಕೈ ನಡಗತೈತಿ, ಅದಕ್ಕ. ನಡುಗುತ್ತಿರಲಿಲ್ಲ, ಕೈ ಎಂದೂ ನಡುಗಿದ್ದಿಲ್ಲ, ಆದರೆ ಉಳಿದ ಕೂಸುಗಳ ಕಡೆ ನೋಡುವಾಗ ಕಣ್ಣು ಓರೆಯಾಗಿ ಆ ಒಂದರ ಕಡೆಗೇ ಜಾರುತ್ತಿತ್ತು, ಅದು ಅವಳಿಗೆ ತಿಳಿದಿತ್ತು. ಖುಷ್ಬು ಮೇಲಿನ ವಾರ್ಡಿನಲ್ಲಿ ಮಲಗಿದ್ದಾಳೆ, ಮುಜೀಬ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿರುತ್ತಾನೆ, ಅಮ್ಮಿ, ನಮ್ಮ ಅತ್ತಿ ಫೋನ್ ಮಾಡಿದ್ರು, ಮಾವಾರು ಬರೋತನಕ ಬಾಂಗ್ ತಡೀರಿ ಅಂದಾರ, ಅವರ ಕೈಲೇನ ಆಗಬೇಕಂತ, ಅಂದಳು ಖುಷ್ಬು ನಿನ್ನೆ. ಆಮೇಲೆ ಬೀಗತಿ ಸರ್ದಾರಬೀ ಇವಳಿಗೂ ಫೋನು ಮಾಡಿದರು, ನಮ್ಮ ಮನ್ಯಾಗ ಎಲ್ಲಾ ಕೂಸಿನ ಕಿವ್ಯಾಗೂ ಅವರ ಹೇಳ್ಯಾರ, ಊರಾಗ ಬ್ಯಾರೇದವ್ರೂ ಕರಕೊಂಡು ಹೋಗಿ ಹೇಳಸ್ತಾರ, ಸ್ವಂತ ಮೊಮ್ಮಗಳಿಗೆ ಆಗಲಿಲ್ಲ ಅಂದ್ರ ಅವರ ಜೀವಕ್ಕ ಹತ್ತತೈತಿ, ಎಲ್ಲಾ ನಿಮ್ಮ ಕೈಯಾಗ ಐತಿ ಬೀಗತೇರ. ನನ್ನ ಕೈಯಾಗ. ಆ ಮನೆಯಲ್ಲಿ ಖುಷ್ಬು ಬಾಳಬೇಕು. ಮರ್ದಾನಸಾಬರು ಕೆಟ್ಟವರಲ್ಲ, ಖುಷ್ಬುವಿಗೆ ವಾಂತಿ ಶುರುವಾದಾಗ ಸಂತೆಯಿಂದ ಹುಣಸೆಚಿಗುರು ಹುಡುಕಿ ತಂದುಕೊಟ್ಟವರು, ಮಗಳೇ ಅಂತಲೇ ಕರೆಯುವವರು. ಒಂದು ನಿಮಿಷದ ಕೆಲಸ. ಮಾಸ್ಕು ಹಾಕಿಸಬಹುದು, ಗೌನು ಹಾಕಿಸಬಹುದು, ಕೈ ತೊಳೆಸಬಹುದು, ಕೆಮ್ಮು ಬಂದರೆ ಹೊರಗೆ ಕರೆದುಕೊಂಡು ಬರಬಹುದು, ಬಾಂಗ್ ಹೇಳುವುದು ಅಂದರೆ ಬಾಯಿಯನ್ನು ಕೂಸಿನ ಕಿವಿಯ ಹತ್ತಿರ ತರುವುದು, ಎಷ್ಟು ಹತ್ತಿರ, ಬೆರಳಿನಷ್ಟು ಹತ್ತಿರ, ಆ ಎದೆಯಿಂದ ಬರುವ ಉಸಿರು, ಆ ಕಿವಿ ಒಂದು ಹುಣಸೆಬೀಜದಷ್ಟಿಲ್ಲ — ನೀರು ನಿಲ್ಲಿಸಿದಳು. ಕೈ ಮೇಲೆತ್ತಿ ಹಿಡಿದಳು, ಹನಿಗಳು ಮೊಣಕೈಗೆ ಇಳಿದವು. ಇಷ್ಟು ಹೊತ್ತು ತೊಳೆದರೂ ಕೈಗಳು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ಅವು ದಿನಾ ಮಾಡುವುದನ್ನೇ ಮಾಡಿದ್ದವು.

ಬಾಗಿಲು ತೆರೆದರೆ ವರಾಂಡದ ಚಳಿ ಮುಖಕ್ಕೆ ಬಡಿಯಿತು, ಅತ್ತರಿನ ವಾಸನೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಚೌಕುಳಿ ಟವೆಲ್ಲು, ಮರ್ದಾನಸಾಬರು ಚಪ್ಪಲಿಯನ್ನು ಆಗಲೇ ದೂರ ಬಿಟ್ಟು ಬರಿಗಾಲಿನಲ್ಲಿ ನಿಂತಿದ್ದಾರೆ, ಮಸೀದಿಗೆ ಬಂದವರ ಹಾಗೆ, ಪಕ್ಕದಲ್ಲಿ ಮಗ ಫಾರೂಕ, ಅಳಿಯ, ಕಣ್ಣಿನ ಕೆಳಗೆ ಕಪ್ಪಾಗಿದೆ ಪಾಪ, ನಿದ್ದೆಯಿಲ್ಲ. ಹನುಮಂತಮ್ಮ ಗೌನನ್ನು ತೋಳಿನ ಮೇಲೆ ಹಾಕಿಕೊಂಡು ತಯಾರಾಗಿ ನಿಂತಿದ್ದಾಳೆ. ಬೆಂಚಿನ ತುದಿಯಲ್ಲಿ ಶಂಕ್ರಮ್ಮ, ಇವತ್ತು ಎದ್ದು ಹೋಗಲಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತಿದ್ದಾಳೆ, ಕಿವಿ ಮಾತ್ರ ಇತ್ತ. ಸಲಾಂ ಬೀಗರ, ಜ್ವರ ಹೆಂಗೈತ್ರಿ ಈಗ. ಜ್ವರ ಹೋಗ್ಯಾವ ತಂಗಿ, ಕೆಮ್ಮ ಒಂದ ಉಳದೈತಿ, ಅದೂ ಹೋಗತೈತಿ, ನಾ ಮನ್ಯಾಗಿಂದನ ವಜೂ ಮಾಡಿಕೊಂಡ ಬಂದೀನಿ, ಇಲ್ಲಿ ಮತ್ತೊಮ್ಮೆ ತೊಳಕೋ ಅಂದ್ರ ತೊಳಕೋತೀನಿ, ನೀ ಹ್ಯಾಂಗ ಹೇಳ್ತಿ ಹಂಗ. ಹೇಗೆ ಹೇಳ್ತಿ ಹಾಗೆ. ಅಂಥ ಸಭ್ಯತೆಗೆ ಬೇಡ ಅನ್ನುವುದು ಹೇಗೆ, ಜಗಳಕ್ಕೆ ಬಂದಿದ್ದರೆ ಸುಲಭವಿತ್ತು. ಬೀಗರ, ನಿಮ್ಮನ್ನ ಒಳಗ ಬಿಡಾಕ ಆಗಂಗಿಲ್ರಿ, ಅಂದಳು. ದನಿ ತಗ್ಗಿಯೇ ಇತ್ತು. ಕೂಸು ಭಾಳ ಸಣ್ಣದೈತಿ, ನಿಮಗ ಸಣ್ಣದು ಅನಸೋ ಕೆಮ್ಮು ಅದಕ್ಕ ದೊಡ್ಡದು, ಮತ್ತ ಒಳಗ ಅಜ್ಜ ಅಜ್ಜಿ ಯಾರನ್ನೂ ಬಿಟ್ಟಿಲ್ಲ ನಾ, ನಾನೂ ಇನ್ನಾ ಎತ್ತಿಕೊಂಡಿಲ್ಲ. ಹನುಮಂತಮ್ಮನ ತೋಳಿನ ಮೇಲಿನ ಗೌನು ಸ್ವಲ್ಪ ಜಾರಿತು. ಮೇಡಂ, ನಿಮ್ಮವರ ಅಲ್ಲೇನ್ರಿ, ಒಂದ ನಿಮಿಷ, ಅಂದಳು ಮೆಲ್ಲಗೆ. ನಮ್ಮವರ ಹನುಮಂತಮ್ಮಾ, ಅದಕ್ಕ. ಮರ್ದಾನಸಾಬರು ಸಿಟ್ಟಾಗಲಿಲ್ಲ. ಅವಳ ಮುಖ ನೋಡಿದರು, ಆಮೇಲೆ ಅವಳ ಒದ್ದೆ ಕೈ ನೋಡಿದರು, ಬಾಯಿ ತೆರೆದರು, ಅಷ್ಟರಲ್ಲಿ ಕೆಮ್ಮು ಬಂತು, ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿ ಕೆಮ್ಮಿದರು, ಬಹಳ ಹೊತ್ತು, ಬೆನ್ನು ಅದುರುತ್ತಿತ್ತು, ಕೆಮ್ಮಿ ಮುಗಿದ ಮೇಲೂ ಗೋಡೆಯ ಕಡೆಗೇ ನಿಂತಿದ್ದರು. ಹೌದು ತಂಗಿ, ಅಂದರು, ಗೋಡೆಗೆ ಹೇಳಿದ ಹಾಗೆ, ಹೌದು.

ಅವರು ಹಾಗೆ ಹೌದು ಅಂದದ್ದೇ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಸರ್ದಾರಬೀ ಬೈಯುತ್ತಾರೆ ಇನ್ನು ಮುಂದೆ, ಹಬ್ಬಕ್ಕೆ ಹೋದಾಗ, ಮದುವೆಗಳಲ್ಲಿ, ಪಂಗತಿಯಲ್ಲಿ ಬಿರ್ಯಾನಿ ಬಡಿಸುವಾಗ, ಸ್ವಂತ ಬೀಗರನ್ನ ಹೊರಗ ನಿಲ್ಲಿಸ್ದಾಕಿ, ಖುಷ್ಬು ಅದನ್ನು ಕೇಳುತ್ತ ರೊಟ್ಟಿ ಬಡಿಯುತ್ತಾಳೆ. ಇರಲಿ. ಫಾರೂಕ ಅದಾನಲ್ರಿ ಬೀಗರ, ಅಂದಳು, ತಂದಿ ಹೇಳಬಹುದಲ್ಲ, ತಂದಿಗೆ ಒಳಗ ಬಿಡ್ತೀವಿ, ಅವನಿಗೆ ಕೆಮ್ಮಿಲ್ಲ. ಮರ್ದಾನಸಾಬರು ತಿರುಗಿದರು. ಅವನ ನಾಲಿಗಿ ನಿನಗ ಗೊತ್ತೈತಲ್ಲ ತಂಗಿ, ಅಂದರು, ಮಗನ ಮುಂದೆಯೇ, ಸಣ್ಣ ದನಿಯಲ್ಲಿ. ಫಾರೂಕ ನೆಲ ನೋಡಿದ. ಗೊತ್ತು, ಎಲ್ಲರಿಗೂ ಗೊತ್ತು, ಹುಡುಗ ಸಣ್ಣಂದಿನಿಂದ ತೊದಲುತ್ತಾನೆ, ನಿಖಾಹದ ದಿನ ಕಬೂಲ್, ಒಪ್ಪಿದೆ, ಅನ್ನುವ ಒಂದು ಮಾತಿಗೆ ಎಷ್ಟು ಹೊತ್ತು ತಗೊಂಡಿದ್ದ, ಮಂದಿ ಉಸಿರು ಹಿಡಿದು ಕೂತಿದ್ದರು, ಪರದೆಯ ಹಿಂದೆ ಖುಷ್ಬು ಮಾತ್ರ, ಹೇಳ್ತಾರ ಬಿಡಮ್ಮಿ, ಹೇಳೇ ಹೇಳ್ತಾರ, ಅಂತ ಇವಳ ಕೈ ಅದುಮಿದ್ದಳು. ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಯಲ್ಲೂ ಗಿರಾಕಿ ಬಂದರೆ ಅಪ್ಪನೇ ಮಾತಾಡುವುದು, ಮಗ ಸಾಮಾನು ಇಳಿಸಿ ಕೊಡುವುದು. ಅಬ್ಬಾ, ನ-ನನ್ನಿಂದ ಆಗಂಗಿಲ್ಲ, ತ-ತಪ್ಪಿದ್ರ, ಅಂದ ಫಾರೂಕ. ಅವನ ಕಣ್ಣು ಒದ್ದೆಯಾಗಿತ್ತು. ಆಗ ಬೆಂಚಿನ ಕಡೆಯಿಂದ ಸೀರೆ ಸರಿದ ಸದ್ದು. ಶಂಕ್ರಮ್ಮ ಎದ್ದು ನಿಂತಿದ್ದಳು. ಯಾರನ್ನೂ ನೋಡದೆ, ಕಿಟಕಿಯ ಕಟ್ಟೆಯ ಮೇಲಿದ್ದ ತನ್ನ ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು, ಭಂಡಾರದ ಪೊಟ್ಟಣವನ್ನೂ ಮೆಲ್ಲಗೆ ಮೂಲೆಗೆ ಸರಿಸಿದಳು, ಅಣ್ಣಾರ, ಇಲ್ಲಿ ಬರ್ರಿ, ಅಂದಳು, ಈ ಕಡಿ ಕಂಬಕ್ಕ ಹೆಗಲು ಹಚ್ಚಿ ನಿಂತ್ರ ಒಳಗಿಂದೆಲ್ಲಾ ಕಾಣಸ್ತೈತಿ, ನಾ ದಿನಾ ಇಲ್ಲೇ ನಿಂತು ನೋಡ್ತೀನಿ, ನಿಮ್ಮ ಕೂಸು ನಮ್ಮದರ ಬಾಜೂಕ ಐತಿ, ಕೆಂಪ ಟೊಪಗಿ ಹಾಕ್ಯಾರ ನೋಡ್ರಿ, ಅದ. ಮರ್ದಾನಸಾಬರು ಹೋದರು. ಮುದುಕಿ ಜಾಗ ಬಿಟ್ಟು ಹಿಂದೆ ಸರಿದಳು. ಅವರು ಕಂಬಕ್ಕೆ ಹೆಗಲು ಹಚ್ಚಿ ಗಾಜಿನೊಳಗೆ ನೋಡಿದರು, ನೋಡುತ್ತ ನೋಡುತ್ತ ಅವರ ಭುಜ ಇಳಿಯಿತು. ನೀವ ಹೊರಗಿಂದ ಹೇಳ್ರಿ, ಅಂವ ನಿಮ್ಮ ಬಾಯಿ ನೋಡಿ ಹೇಳಲಿ, ಅಂದಳು ಶಂಕ್ರಮ್ಮ, ಸಾಲ್ಯಾಗ ಮಾಸ್ತರ ಹೇಳಿದ್ದನ್ನ ಹುಡುಗರು ಹೇಳಂಗಿಲ್ಲೇನ. ಹೇಳಿಬಿಟ್ಟು, ದೊಡ್ಡ ಮಾತಾಡಿದೆನೇನೋ ಅನ್ನುವ ಹಾಗೆ ಸೆರಗನ್ನು ಬಾಯಿಗೆ ತಂದುಕೊಂಡು, ಇವತ್ತು ಮೊದಲ ಸಲ ಗುಲ್ಶನಳ ಮುಖ ನೋಡಿದಳು. ಗುಲ್ಶನ ತಲೆ ಆಡಿಸಿದಳು. ಅಷ್ಟು ಸಾಕಾಯಿತು ಇಬ್ಬರಿಗೂ.

ಫಾರೂಕನನ್ನು ಬೇಸಿನ್ನಿನ ಮುಂದೆ ನಿಲ್ಲಿಸಿ ಉಂಗುರ ತೆಗೆಸಿ, ತೋಳು ಮಡಚಿಸಿ, ಅಂಗೈ, ಹಿಂಬದಿ, ಹೆಬ್ಬೆರಳು, ಅವಸರ ಮಾಡಬ್ಯಾಡಪಾ, ನೀರು ಓಡಿ ಹೋಗಂಗಿಲ್ಲ, ಗ್ರೀಸು ಕುಂತ ಉಗುರು, ಎಷ್ಟು ತಿಕ್ಕಿದರೂ ಸಂದಿಯಲ್ಲಿ ಕರಿ ಗೆರೆ, ಬ್ರಷ್ಷು ಕೊಟ್ಟಳು, ಅವನು ತಿಕ್ಕಿದ, ತಿಕ್ಕುತ್ತ ಅವನ ಉಸಿರು ಒಂದು ಹದಕ್ಕೆ ಬಂತು, ಅವಳಿಗೆ ಅದು ಗೊತ್ತು, ಎಷ್ಟೋ ಅಪ್ಪಂದಿರನ್ನು ಇಲ್ಲಿ ನಿಲ್ಲಿಸಿ ನೋಡಿದ್ದಾಳೆ, ಬರುವಾಗ ಇರುವ ಎದೆಬಡಿತ ಒಳಗೆ ಹೋಗುವಾಗ ಇರುವುದಿಲ್ಲ. ಒಳಗೆ ಬಿಸಿ, ಯಂತ್ರಗಳ ಸಣ್ಣ ಸದ್ದು, ಭವಾನಿ ವಾರ್ಮರಿನ ಪಕ್ಕದಲ್ಲಿ. ಭವಾನಿ, ಕೂಸನ್ನ ಒಂಚೂರು ಕಿಟಕಿ ಕಡೆ ಸರಿಸೋಣೇನ, ಅವರಿಗೂ ಕಾಣತೈತಿ, ಇವಗೂ ಅವರ ಬಾಯಿ ಕಾಣತೈತಿ. ಭವಾನಿ ಪರದೆಯ ಮೇಲಿನ ಗೆರೆ ನೋಡಿದಳು, ಕೂಸಿನ ಎದೆ ನೋಡಿದಳು, ಬ್ಯಾಡ್ರಿ ಮೇಡಂ, ಅಂದಳು, ಈಗ ಮಲಗೈತಿ, ಮುಂಜಾನಿ ಉಸಿರು ಒಂಚೂರು ತಡವರಿಸಿತ್ತು, ಇವತ್ತೊಂದಿನ ಅಲ್ಲಾಡಸೋದು ಬ್ಯಾಡ. ಗುಲ್ಶನಳ ಒಳಗೆ ಏನೋ ಚುಳುಕ್ಕೆಂದಿತು, ಉಸಿರು ತಡವರಿಸಿತ್ತೇ, ನನಗೆ ಯಾಕೆ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ, ಡಾಕ್ಟರಿಗೆ ಹೇಳಿರುತ್ತಾಳೆ, ನೋಡಿಕೊಂಡಿದ್ದಾಳೆ, ಹುಡುಗಿ ನೆಟ್ಟಗೆ ಕಣ್ಣಿಟ್ಟು ನಿಂತಿದ್ದಾಳೆ, ಬೇಡ ಅಂದದ್ದಕ್ಕೆ ಮೇಡಂ ಏನೆಂದಾರೋ ಅನ್ನುವ ಅಳುಕಿಲ್ಲ, ನೋವು ಮತ್ತು ಒಂದು ಥರದ ಹಿಗ್ಗು ಒಂದೇ ಕಡೆ ಎದ್ದವು. ನಿನ್ನ ಕೂಸು, ನೀ ಹೇಳಿದಂಗ, ಅಂದಳು, ಅಂದು ಹಿಂದೆ ಸರಿದು ಗೋಡೆಗೆ ನಿಂತಳು, ಒಬ್ಬ ನಾನಿ ನಿಲ್ಲುವ ಕಡೆ. ಫಾರೂಕ ಬಾಗಿದ. ಕೆಂಪು ಟೊಪ್ಪಿಗೆಯ ಅಂಚನ್ನು ಭವಾನಿ ಬೆರಳ ತುದಿಯಿಂದ ಮೇಲೆ ಸರಿಸಿದಳು, ಬಲಗಿವಿ ಕಂಡಿತು, ಎಳೆ ಚಿಗುರು. ಅವನು ತಲೆಯೆತ್ತಿ ಕಿಟಕಿಯ ಕಡೆ ನೋಡಿದ, ಕಣ್ಣಲ್ಲಿ ಅಂಗಡಿಯಲ್ಲಿ ಗಿರಾಕಿ ಬಂದಾಗಿನ ಅದೇ ಹೆದರಿಕೆ. ಗಾಜಿನ ಆಚೆ ಮರ್ದಾನಸಾಬರು ಎರಡೂ ಕೈ ಕಿವಿಗೆ ಹಚ್ಚಿಕೊಂಡು ನಿಂತಿದ್ದರು. ತುಟಿ ಅಲುಗಿತು, ಸದ್ದಿಲ್ಲ, ಸದ್ದು ಗಾಜಿನ ಆಚೆಗೇ ಉಳಿಯಿತು, ಅಲ್ಲಾಹು ಅಕ್ಬರ್, ಅಂದ ಫಾರೂಕ, ಪಿಸುದನಿಯಲ್ಲಿ, ತೊದಲದೆ.

ತೊದಲದೆ. ಗುಲ್ಶನ ಉಸಿರು ಹಿಡಿದಳು, ಮುಂದಿನ ಮಾತಿಗೆ ಸಿಕ್ಕಿಕೊಳ್ಳುತ್ತಾನೆ ಈಗ, ಸಿಕ್ಕಿಕೊಳ್ಳಲಿಲ್ಲ, ಆಚೆಯ ತುಟಿ ಎಲ್ಲಿ ಹೋಗುತ್ತದೋ ಈಚೆಯ ನಾಲಿಗೆ ಅಲ್ಲಿಗೆ ಹೋಗುತ್ತಿದೆ, ಎಳೆಗರುವಿನ ಹಾಗೆ ಹಿಂದೆ ಹಿಂದೆ, ಮರ್ದಾನಸಾಬರು ಗಾಜಿಗೆ ಅಷ್ಟು ಹತ್ತಿರ ಬಂದಿದ್ದಾರೆ, ಚಳಿಯ ಗಾಜಿನ ಮೇಲೆ ಅವರ ಉಸಿರು ಬಿದ್ದು ಬೆಳ್ಳಗೆ ಒಂದು ಬಿಲ್ಲೆ ಮೂಡಿತು, ಬಾಯಿ ಮುಚ್ಚಿ ಹೋಯಿತು, ಫಾರೂಕ ತಡೆದ, ಅಯ್ಯೋ, ಅಷ್ಟರಲ್ಲಿ ಹೆಗಲಿನ ಟವೆಲ್ಲು ಬಂದು ಆ ಬಿಲ್ಲೆಯನ್ನು ಒರೆಸಿತು, ಒರೆಸಿದ್ದು ಅವರ ಕೈಯಲ್ಲ, ಅವರ ಕೈಗಳು ಕಿವಿಯ ಮೇಲೇ ಇವೆ, ಒರೆಸಿದ್ದು ಪಕ್ಕದಲ್ಲಿ ನಿಂತ ಶಂಕ್ರಮ್ಮ, ಅವರ ಟವೆಲ್ಲಿನ ತುದಿ ಹಿಡಿದು, ಮತ್ತೆ ತುಟಿ ಕಂಡಿತು, ಮತ್ತೆ ಮಾತು ಮುಂದೆ ಹೋಯಿತು. ಕೂಸಿನ ಹುಬ್ಬು ಒಮ್ಮೆ ಗಂಟಾಗಿ ಬಿಚ್ಚಿತು. ಭವಾನಿ ಪರದೆ ನೋಡುತ್ತಿದ್ದಾಳೆ, ಗೆರೆ ಸಮನಾಗಿ ಓಡುತ್ತಿದೆ. ಖುಷ್ಬುವಿಗೆ ಹೇಳಬೇಕು ಮೇಲೆ ಹೋಗಿ, ನಿನ್ನ ಗಂಡ ಹೇಳಿದ, ಹೇಳೇ ಹೇಳಿದ, ಸರ್ದಾರಬೀಗೆ ಏನು ಹೇಳುವುದೋ ಆಮೇಲೆ ನೋಡೋಣ, ಬೀಗರೇ ಹೇಳುತ್ತಾರೇನೋ, ಹೇಳದೆಯೂ ಇರಬಹುದು, ಕೆಮ್ಮು ಬರದಿರಲಿ ಈಗ, ಮುಗಿಯುವವರೆಗೆ ಬರದಿರಲಿ, ಅವರ ಕಣ್ಣಿನಿಂದ ನೀರು, ಕೆಮ್ಮನ್ನು ತಡೆದದ್ದಕ್ಕೋ ಏನೋ, ತುಟಿ ನಿಲ್ಲಲಿಲ್ಲ, ಗಾಜಿನ ಮೇಲೆ ಬಿಳಿ ಬಿಲ್ಲೆ, ಟವೆಲ್ಲು, ತುಟಿ, ಮತ್ತೆ ಬಿಳಿ ಬಿಲ್ಲೆ, ಇನ್ನು ನಾನು ಹೋಗಿ ಉಳಿದ ಕೂಸುಗಳ ಹಾಲು ನೋಡಬೇಕು, ಹೊತ್ತಾಯಿತು, ಹೋಗಬೇಕು, ಕಾಲು ಏಳುತ್ತಿಲ್ಲ, ಗಾಜಿನ ಮೇಲೆ ಒಬ್ಬರ ಉಸಿರು, ಅದನ್ನು ಒರೆಸುವ ಇನ್ನೊಬ್ಬರ ಕೈ, ಮತ್ತೆ ಉಸಿರು, ಬೆಳ್ಳಗೆ, ಗುಂಡಗೆ, ಮತ್ತೆ ಆ ಕೈ —